ಟನ್ನಿನ ಬಾಡಿಗೆಯಲ್ಲಿ ಸೇರದ ಲೆಕ್ಕ: ಅದಿರು ಲಾರಿಗಳು ಓಡಿದ ಅಂಕೋಲಾ–ಹುಬ್ಬಳ್ಳಿ ರಸ್ತೆ

ಅಂಕೋಲೆಯ ಬಾಳೆಗುಳಿ ಕ್ರಾಸಿನಲ್ಲಿ ಎರಡು ಹೆದ್ದಾರಿ ಸೇರುತ್ತವೆ. ಒಂದು ಕಡಲ ದಂಡೆಗುಂಟ ಕಾರವಾರಕ್ಕೂ ಕುಮಟೆಗೂ ಹೋಗುತ್ತದೆ. ಇನ್ನೊಂದು ಪೂರ್ವಕ್ಕೆ ತಿರುಗಿ, ಅಲ್ಲಲ್ಲಿ ಗಂಗಾವಳಿಯ ಬದಿ ಹಿಡಿದು, ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ, ಕಲಘಟಗಿ ದಾಟಿ ಹುಬ್ಬಳ್ಳಿ ಸೇರುತ್ತದೆ. ಈಗ ಅದರ ನಂಬರು 52. ನಾನು ಕಾಲೇಜಿಗೆ ಹೋಗುವಾಗ 63 ಆಗಿತ್ತು. ನಮ್ಮ ಮನೆ ಈ ರಸ್ತೆಯಿಂದ ಕೂಗಳತೆ ದೂರ. ನಾನೀಗ ಅಂಗಡಿ, ಸಂಘಗಳ ಲೆಕ್ಕ ಬರೆದು ಬದುಕುತ್ತಿದ್ದೇನೆ. ಆ ಕಾಲದ ಒಂದು ಲೆಕ್ಕ ಮಾತ್ರ ಯಾರ ಪುಸ್ತಕದಲ್ಲೂ ಪೂರ್ತಿ ಬರೆದಿಲ್ಲ ಎಂದು ನನಗೆ ಅನಿಸುತ್ತಲೇ ಇತ್ತು. ಅದಕ್ಕೇ ಇದನ್ನು ಬರೆಯಲು ಕೂತೆ.

2010ರವರೆಗಿನ ಕೆಲವು ವರ್ಷ ಈ ರಸ್ತೆಯಲ್ಲಿ ಬಳ್ಳಾರಿ, ಹೊಸಪೇಟೆ, ಸಂಡೂರು ಕಡೆಯ ಕಬ್ಬಿಣದ ಅದಿರು ಹಗಲೂ ರಾತ್ರಿ ಬೇಲೇಕೇರಿ ಬಂದರಿಗೆ ಇಳಿಯಿತು. ಬೇಲೇಕೇರಿ ಅಂಕೋಲೆಯಿಂದ ಐದಾರು ಕಿಲೋಮೀಟರ್ ದೂರದ ಮೀನುಗಾರರ ಊರು. ಬಂದರೂ ಸಣ್ಣದು. ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ಅದಿರನ್ನು ಬಾರ್ಜಿಗೆ ತುಂಬಿ, ಸಮುದ್ರದಲ್ಲಿ ಲಂಗರು ಹಾಕಿದ ಹಡಗಿನ ಹತ್ತಿರ ಒಯ್ದು ಸುರಿಯಬೇಕು. ಮಳೆಗಾಲದಲ್ಲಿ ಆ ಕೆಲಸ ನಡೆಯುವುದಿಲ್ಲ. ಹಾಗಾಗಿ ಮಳೆ ಹಿಡಿಯುವ ಮುಂಚೆ ಆದಷ್ಟು ಸಾಗಿಸಬೇಕು ಎಂಬ ಅವಸರ. ಬೇಸಿಗೆಯಲ್ಲಿ ಬಾಳೆಗುಳಿ ಕ್ರಾಸಿನಲ್ಲಿ ರಸ್ತೆ ದಾಟಲು ಎಷ್ಟು ಹೊತ್ತು ನಿಲ್ಲಬೇಕಿತ್ತು ಎಂಬುದನ್ನು ಆ ಕಡೆಯ ಯಾರನ್ನು ಕೇಳಿದರೂ ಹೇಳುತ್ತಾರೆ.

ಇಷ್ಟು ಅದಿರು ಯಾಕೆ ಹೊರಟಿತು? ಚೀನಾ ಹಿಂದೆಂದಿಗಿಂತ ಜಾಸ್ತಿ ಉಕ್ಕು ಮಾಡಲು ಶುರು ಮಾಡಿತ್ತು. 2008ರ ಬೀಜಿಂಗ್ ಒಲಿಂಪಿಕ್ಸ್‌ಗಾಗಿ ಕಟ್ಟಡ, ಸೇತುವೆ, ಮೈದಾನ ಏಳುತ್ತಿದ್ದವು. 2000ದ ಸುಮಾರಿಗೆ ಟನ್ನಿಗೆ 20 ಡಾಲರ್ ಆಸುಪಾಸು ಇದ್ದ ಅದಿರು 2008ರ ಶುರುವಿಗೆ 150 ಡಾಲರ್ ದಾಟಿತ್ತು. ಆದರೆ 2009ರ ಆಗಸ್ಟ್‌ವರೆಗೂ ಸರ್ಕಾರಕ್ಕೆ ಬರುತ್ತಿದ್ದ ರಾಯಧನ ಟನ್ನಿಗೆ ಹೆಚ್ಚೆಂದರೆ 27 ರೂಪಾಯಿ. ಆಮೇಲಷ್ಟೇ ಅದು ಬೆಲೆಯ ಶೇಕಡಾ 10 ಆಯಿತು. ನಡುವೆ ಉಳಿದ ದುಡ್ಡಿನ ಗಾತ್ರ ಎಷ್ಟು ಅಂತ ನೀವೇ ಲೆಕ್ಕ ಹಾಕಬಹುದು. ಆ ದುಡ್ಡೇ ನಮ್ಮ ರಸ್ತೆಗೆ ಇಳಿದದ್ದು.

ನಮ್ಮಂಥ ದೇಶಗಳಲ್ಲಿ ರಸ್ತೆ ಬಂದರೆ ಊರು ಉದ್ಧಾರ ಆಗುತ್ತದೆ ಎನ್ನುವ ಮಾತಿದೆ. ಅದು ಸುಳ್ಳಲ್ಲ. ಅಂಕೋಲೆಯ ಸಂತೆಗೆ ತರಕಾರಿ ಬರುವುದು, ಹೆರಿಗೆ ನೋವಿನ ಹೆಂಗಸು ಆಸ್ಪತ್ರೆ ಮುಟ್ಟುವುದು, ನಾನು ಓದಿದ್ದು, ಎಲ್ಲ ಇದೇ ರಸ್ತೆಯಿಂದ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ದೇಶದ ಸರಕಿನ ಬಹುಪಾಲು ರೈಲಿನಲ್ಲಿ ಹೋಗುತ್ತಿತ್ತು. ಈಗ ಬಹುಪಾಲು ಲಾರಿಯಲ್ಲಿ ಹೋಗುತ್ತದೆ. ಲಾರಿ ಮನೆ ಬಾಗಿಲಿಗೆ ಬರುತ್ತದೆ, ರೈಲು ಬರುವುದಿಲ್ಲ. ಆದರೆ ಅದೇ ರಸ್ತೆ ಒಂದೇ ಸರಕಿಗೆ, ಒಂದೇ ದಿಕ್ಕಿಗೆ, ಅಳತೆ ಮೀರಿ ಬಳಕೆಯಾದರೆ ಏನಾಗುತ್ತದೆ? ಅದನ್ನು ಈ ಒಂದು ರಸ್ತೆಯಲ್ಲೇ ಪೂರ್ತಿ ನೋಡಬಹುದು.

ದುಡ್ಡು ಬಂದ ಕಾಲ

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಹೇಳದಿದ್ದರೆ ಅನ್ಯಾಯವಾಗುತ್ತದೆ. ಈ ರಸ್ತೆ ಬದಿಯ ಎಷ್ಟೋ ಮನೆಗಳಿಗೆ ಮೊದಲ ಸಲ ಕೈಯಲ್ಲಿ ದಿನದ ಕಾಸು ಕಂಡದ್ದು ಆಗ. ಊರೂರಿಗೆ ಚಾದಂಗಡಿ, ಖಾನಾವಳಿ, ಪಂಕ್ಚರ್ ಅಂಗಡಿ ಎದ್ದವು. ನನ್ನ ಸೋದರಮಾವ ಗೇರು ತೋಪಿನ ಮುಂದೆ ನಾಲ್ಕು ಕಂಬ ನೆಟ್ಟು, ತಗಡು ಹೊದಿಸಿ ಟೈರ್ ಕೆಲಸ ಶುರು ಮಾಡಿದರು. ರಾತ್ರಿ ಹನ್ನೆರಡಕ್ಕೂ ಅವರಿಗೆ ಕೆಲಸ. ಓವರ್‌ಲೋಡ್ ಲಾರಿಯ ಟೈರ್ ಬೇಗ ಹೋಗುತ್ತದೆ. ಪಾಟಾ, ಅಂದರೆ ಸ್ಪ್ರಿಂಗ್ ಪಟ್ಟಿ, ಮುರಿಯುತ್ತದೆ. ಮಾವ ಹೇಳುತ್ತಿದ್ದರು, "ತಮಾ, ಲಾರಿ ನೆಟ್ಟಗಿದ್ರೆ ನಮ್ಗೆ ಊಟ ಇಲ್ಲ."

ಆ ಮಾತು ಈಗಲೂ ನನ್ನನ್ನು ಕಾಡುತ್ತದೆ. ಲಾರಿ ಕೆಡಬೇಕು, ರಸ್ತೆ ಹಾಳಾಗಬೇಕು, ಆಗ ನಮಗೆ ಅನ್ನ. ಮಾವ ಕೆಟ್ಟವರಲ್ಲ. ಆ ರಸ್ತೆ ಅವರಿಗೆ ಕೊಟ್ಟ ಕೆಲಸ ಅಂಥದ್ದು.

ಇನ್ನು ಕೆಲವರು ಲಾರಿಯನ್ನೇ ಕೊಂಡರು. ಜಮೀನಿನ ಕಾಗದ ಇಟ್ಟು, ಹೆಂಡತಿಯ ಬಂಗಾರ ಇಟ್ಟು, ಫೈನಾನ್ಸಿನಲ್ಲಿ ಸಾಲ ಎತ್ತಿ ಹತ್ತು ಗಾಲಿಯ ಗಾಡಿ ತಂದರು. ಟನ್ನಿಗೆ ಇಷ್ಟು ಎಂದು ಬಾಡಿಗೆ. ಜಾಸ್ತಿ ಟನ್ ಹೇರಿದರೆ ಜಾಸ್ತಿ ದುಡ್ಡು. ತಿಂಗಳ ಕಂತು ಕಟ್ಟಬೇಕಲ್ವಾ? ಕಾನೂನಿನ ಲೋಡು ಹೇರಿದರೆ ಕಂತಿಗೇ ಸಾಲುವುದಿಲ್ಲ, ಪಕ್ಕದವನು ಜಾಸ್ತಿ ಹೇರಿದ್ದಾನೆ, ನೀನು ಹೇರದಿದ್ದರೆ ಮುಂದಿನ ಟ್ರಿಪ್ ಸಿಗುವುದಿಲ್ಲ. ಹಾಗೆ ನಡೆಯಿತು ಅದು. ಒಬ್ಬ ಚಾಲಕನನ್ನು ಹಿಡಿದು ಬೈದರೆ ಇದು ಅರ್ಥವಾಗುವುದಿಲ್ಲ.

ಎಂಟು ಟನ್ ಜಾಸ್ತಿ ಎಂದರೆ ಏನು

ಆಗಿನ ನಿಯಮದಂತೆ ಹತ್ತು ಗಾಲಿಯ ಲಾರಿಯ ಒಟ್ಟು ತೂಕ 25 ಟನ್ ಮೀರಬಾರದು. ಮುಂದಿನ ಆಕ್ಸಲ್ (ಗಾಲಿಯ ಅಚ್ಚು) ಮೇಲೆ 6, ಹಿಂದಿನ ಜೋಡಿ ಆಕ್ಸಲ್ ಮೇಲೆ 19. ಗಾಡಿಯ ಸ್ವಂತ ತೂಕ ಕಳೆದರೆ ಸರಕಿಗೆ ಸುಮಾರು 16 ಟನ್ ಉಳಿಯುತ್ತದೆ. ಅದಕ್ಕೆ ಇನ್ನೂ 8 ಟನ್ ಹೇರಿದರು ಎಂದುಕೊಳ್ಳಿ. ಭಾರವೆಲ್ಲ ಹೆಚ್ಚುಕಡಿಮೆ ಹಿಂದಿನ ಜೋಡಿಯ ಮೇಲೆ ಬೀಳುತ್ತದೆ. 19 ಇದ್ದದ್ದು 27 ಆಯಿತು.

ನೋಡುವುದಕ್ಕೆ ಒಂದೂವರೆ ಪಟ್ಟೂ ಆಗಲಿಲ್ಲ. ರಸ್ತೆಗೆ ಆಗುವ ಪೆಟ್ಟು ಮಾತ್ರ ಹಾಗೆ ಏರುವುದಿಲ್ಲ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ಲಾರಿಗಳನ್ನು ಪರೀಕ್ಷಾ ರಸ್ತೆಯ ಮೇಲೆ ಎರಡು ವರ್ಷ ಸುತ್ತಿಸಿ ಒಂದು ಸೂತ್ರ ಕಂಡುಕೊಂಡರು. ರಸ್ತೆಯ ಸವೆತ ಆಕ್ಸಲ್ ಭಾರದ ಸುಮಾರು ನಾಲ್ಕನೇ ಘಾತದಂತೆ ಏರುತ್ತದೆ. ಭಾರ ಎರಡು ಪಟ್ಟಾದರೆ ಪೆಟ್ಟು ಹದಿನಾರು ಪಟ್ಟು. ಜಗತ್ತಿನ ರಸ್ತೆ ಎಂಜಿನಿಯರುಗಳು ಇಂದಿಗೂ ಇದನ್ನೇ ಹಿಡಿದು ಲೆಕ್ಕ ಹಾಕುತ್ತಾರೆ. ನಮ್ಮ 27ನ್ನು 19ರಿಂದ ಭಾಗಿಸಿ ಅದನ್ನೇ ನಾಲ್ಕು ಸಲ ಗುಣಿಸಿ ನೋಡಿ. 4 ಬರುತ್ತದೆ. ಅಂದರೆ ಒಂದೂವರೆ ಲೋಡು ತಂದ ಲಾರಿ, ನೆಟ್ಟಗೆ ಲೋಡು ಹೇರಿದ ನಾಲ್ಕು ಲಾರಿಯಷ್ಟು ರಸ್ತೆ ಕೆಡಿಸಿತು.

ದಂಡ ಎಷ್ಟಿತ್ತು? ಮೋಟಾರು ವಾಹನ ಕಾಯ್ದೆಯಂತೆ 2,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 1,000. 2019ರಲ್ಲಿ ಅದು 20,000 ಮತ್ತು ಟನ್ನಿಗೆ 2,000 ಆಯಿತು. ಹಿಡಿದು, ಹೆಚ್ಚುವರಿ ಸರಕು ಅಲ್ಲೇ ಇಳಿಸಿ ಕಳಿಸಬೇಕು ಎಂದೂ ಕಾನೂನಿದೆ. ಇಳಿಸಿದ್ದನ್ನು ನಾನಂತೂ ನೋಡಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಮಿತಿಯನ್ನೇ ಏರಿಸಿ ಹತ್ತು ಗಾಲಿಯ ಲಾರಿಗೆ 28.5 ಟನ್ ಮಾಡಿತು. ಸಾಗಣೆ ಖರ್ಚು ಇಳಿಯುತ್ತದೆ ಎಂಬುದು ಅದರ ಕಾರಣ. ಇಳಿದ ಖರ್ಚು ಎಲ್ಲಿಗೆ ಹೋಯಿತು ಎಂದು ಮೇಲಿನ ಸೂತ್ರ ಹೇಳುತ್ತದೆ. ಲಾರಿಯ ಪುಸ್ತಕದಿಂದ ಹೊರಟು ರಸ್ತೆಯ ಪುಸ್ತಕಕ್ಕೆ ಬಂತು, ಅಷ್ಟೇ.

ಭಾರ ರಸ್ತೆಯನ್ನು ಮಾತ್ರ ಕೆಡಿಸುವುದಿಲ್ಲ. ಅರಬೈಲ್ ಘಟ್ಟದಲ್ಲಿ ಲಾರಿ ತುಂಬಿಕೊಂಡು ಇಳಿಯುವುದು. ಖಾಲಿಯಾಗಿ ಹತ್ತುವುದು. ಇದನ್ನು ಗಮನಿಸಬೇಕು. ಇಳಿಜಾರಿನಲ್ಲಿ ತುಂಬಿದ ಗಾಡಿಯನ್ನು ಬ್ರೇಕಿನ ಮೇಲೇ ತಡೆದರೆ ಡ್ರಮ್ ಕಾಯುತ್ತದೆ. ಕಾದ ಬ್ರೇಕು ಹಿಡಿಯುವುದಿಲ್ಲ. ಸಣ್ಣ ಗೇರಿನಲ್ಲಿ, ಎಂಜಿನ್ನಿನ ತಡೆಯಲ್ಲಿ ನಿಧಾನ ಇಳಿಯಬೇಕು. ಒಂದು ಟ್ರಿಪ್ ಜಾಸ್ತಿ ಮಾಡುವ ಅವಸರದಲ್ಲಿ, ಮೂರು ರಾತ್ರಿ ನಿದ್ದೆಯಿಲ್ಲದ ಚಾಲಕನಿಗೆ ಅದು ನೆನಪಾಗುವುದಾದರೂ ಹೇಗೆ? ತಿರುವಿನಲ್ಲಿ ಮಗುಚಿ ಬಿದ್ದ ಲಾರಿ, ಪಕ್ಕದಲ್ಲಿ ಕೆಂಪು ಅದಿರಿನ ರಾಶಿ, ತಲೆ ಹಿಡಿದು ಕೂತ ಕ್ಲೀನರ್ ಹುಡುಗ. ಇದನ್ನು ನೋಡದ ವಾರ ಇರಲಿಲ್ಲ. ಒಂದು ಲಾರಿ ಅಡ್ಡ ಬಿದ್ದರೆ ಎರಡೂ ಕಡೆ ಗಂಟೆಗಟ್ಟಲೆ ಸಾಲು. 2009ರ ಬೇಸಿಗೆಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಗೆ ಎದೆನೋವು ಬಂತು. ಬಾಡಿಗೆ ಜೀಪಿನಲ್ಲಿ ಹೊರಟವರು ಅಂಥ ಒಂದು ಸಾಲಿನಲ್ಲಿ ಸಿಕ್ಕಿಬಿದ್ದರು. ಅಜ್ಜಿ ಬದುಕಿದರು, ಪುಣ್ಯ. ಜೀಪಿನಲ್ಲಿದ್ದ ನನ್ನ ಅಮ್ಮ ಮಾತ್ರ ಆಮೇಲೆ ಬಹಳ ದಿನ ಹಾರ್ನ್ ಕೇಳಿದರೆ ಬೆಚ್ಚುತ್ತಿದ್ದಳು.

ಕೆಂಪು ಧೂಳು

ಟಾರ್ಪಲ್ ಕಟ್ಟಬೇಕು ಎಂಬುದು ನಿಯಮ. ಕಟ್ಟಿದರೂ ಸಡಿಲ ಕಟ್ಟುತ್ತಿದ್ದರು. ಹೊಂಡದಲ್ಲಿ ಗಾಡಿ ಕುಕ್ಕಿದಾಗಲೆಲ್ಲ ಒಂದಿಷ್ಟು ಅದಿರು ಚೆಲ್ಲುತ್ತಿತ್ತು. ಅದರ ಮೇಲೆ ಮುಂದಿನ ಲಾರಿ ಹೋಗಿ ಅರೆಯುತ್ತಿತ್ತು. ಹಾಗೆ ಅರೆದರೆ ಗಂಧದ ಪುಡಿಯಷ್ಟು ನುಣುಪು. ಮನೆಯ ಹೆಂಚು, ಬಾವಿಕಟ್ಟೆ, ಒಣಹಾಕಿದ ಬಟ್ಟೆ, ಬಾಳೆ ಎಲೆ ಎಲ್ಲ ಕೆಂಪು. ಊಟಕ್ಕೆ ಎಲೆ ಕೊಯ್ದರೆ ಎರಡು ಸಲ ತೊಳೆಯಬೇಕು. ಹಪ್ಪಳ ಒಣಗಿಸುವುದನ್ನು ಅಮ್ಮ ಬಿಟ್ಟೇಬಿಟ್ಟಳು.

ಅಂಕೋಲೆಯ ಕರಿ ಇಶಾಡು ಮಾವು ನಿಮಗೆ ಗೊತ್ತಿರಬಹುದು. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಾವು ಹೂ ಬಿಡುವುದು ಚಳಿಗಾಲದಲ್ಲಿ. ಆಗ ಮಳೆ ಇಲ್ಲ, ಲಾರಿ ಮಾತ್ರ ಇದೆ. ಹೂಗೊಂಚಲಿನ ಮೇಲೆ ಧೂಳು ಕೂತರೆ ಪರಾಗ ಸೇರುವುದು ಕಷ್ಟ. ಎಲೆಯ ಮೇಲೆ ಕೂತರೆ ಬೆಳಕೂ ಕಡಿಮೆ. ರಸ್ತೆ ಬದಿಯ ನಮ್ಮ ಎರಡು ಮರ ಆ ವರ್ಷಗಳಲ್ಲಿ ಸರಿಯಾಗಿ ಕಾಯಿ ಹಿಡಿಯಲಿಲ್ಲ. ಗದ್ದೆಯ ಆಚೆಗಿದ್ದ ಮರಗಳು ಹಿಡಿದವು. ಎರಡು ಮರದಿಂದ ಏನನ್ನೂ ಸಾಬೀತು ಮಾಡಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಆ ಮರಗಳ ಹಣ್ಣಿನ ದುಡ್ಡಿನಲ್ಲಿ ಶಾಲೆಯ ಫೀ ಕಟ್ಟುತ್ತಿದ್ದವರಿಗೆ ಅದು ಸಣ್ಣ ವಿಷಯವಲ್ಲ.

ಧೂಳು ಅಲ್ಲೇ ನಿಲ್ಲುವುದಿಲ್ಲ. ಮೊದಲ ಮಳೆಗೆ ರಸ್ತೆ ಬದಿಯ ಚರಂಡಿ ರಕ್ತದ ಬಣ್ಣದಲ್ಲಿ ಹರಿಯುತ್ತಿತ್ತು. ಚರಂಡಿ ಹಳ್ಳಕ್ಕೆ, ಹಳ್ಳ ಗಂಗಾವಳಿಗೆ, ಗಂಗಾವಳಿ ಕಡಲಿಗೆ. ಬೇಲೇಕೇರಿಯಲ್ಲಂತೂ ಅದಿರಿನ ಗುಡ್ಡಗಳೇ ದಂಡೆಯ ಮೇಲೆ ಎದ್ದಿದ್ದವು. ಮೀನು ಒಣಗಿಸುವ ಹೆಂಗಸರಿಗೆ ಸ್ವಚ್ಛ ಮರಳು ಸಿಗುವುದೇ ಕಷ್ಟವಾಗಿತ್ತು. ಕೆಂಪು ಹತ್ತಿದ ಒಣಮೀನನ್ನು ಸಂತೆಯಲ್ಲಿ ಯಾರು ಕೊಳ್ಳುತ್ತಾರೆ?

ಇನ್ನು ಹೊಗೆ. ಹೊಸಪೇಟೆ ಕಡೆಯಿಂದ ಬೇಲೇಕೇರಿಗೆ ಸುಮಾರು 280 ಕಿಲೋಮೀಟರ್. ಹೋಗಿಬರಲು 560. ಲೀಟರಿಗೆ ಸರಾಸರಿ 4 ಕಿಲೋಮೀಟರ್ ಎಂದು ಹಿಡಿದರೆ ಒಂದು ಸುತ್ತಿಗೆ 140 ಲೀಟರ್ ಡೀಸೆಲ್. ಒಂದು ಲೀಟರ್ ಡೀಸೆಲ್ ಉರಿದರೆ 2.68 ಕಿಲೋ ಇಂಗಾಲದ ಡೈ ಆಕ್ಸೈಡ್ ಬರುತ್ತದೆ. ಸುತ್ತಿಗೆ 375 ಕಿಲೋ. ಅದರಲ್ಲಿ ಅರ್ಧ ದಾರಿ ಖಾಲಿ ಓಟ, ನೋಡಿ. ಬಂದರಿನಿಂದ ಬಳ್ಳಾರಿಗೆ ಒಯ್ಯುವ ಸರಕು ಅಷ್ಟಿಲ್ಲ. ಅದೂ ಅಲ್ಲದೆ ಆಗ ಡೀಸೆಲ್ ಬೆಲೆ ಸರ್ಕಾರದ ಹಿಡಿತದಲ್ಲಿತ್ತು. ಅದು ಸಡಿಲವಾದದ್ದು 2014ರ ಅಕ್ಟೋಬರ್‌ನಲ್ಲಿ. ರೈತನ ಪಂಪು, ಊರಿನ ಬಸ್ಸು ನಡೆಯಲಿ ಎಂದು ಕಡಿಮೆಗೆ ಕೊಟ್ಟ ಡೀಸೆಲ್ಲಿನಲ್ಲೇ ಅದಿರೂ ಹೋಯಿತು.

ರೈಲು ಯಾಕಿಲ್ಲ

ಇದನ್ನು ಹೇಳಿದಾಗಲೆಲ್ಲ ಯಾರಾದರೂ ಕೇಳುತ್ತಾರೆ: ರೈಲಿನಲ್ಲಿ ಒಯ್ಯಬಹುದಿತ್ತಲ್ಲ? ಒಂದು ಟನ್ ಸರಕನ್ನು ಅಷ್ಟೇ ದೂರ ಒಯ್ಯಲು ರೈಲಿಗೆ ಲಾರಿಗಿಂತ ಎಷ್ಟೋ ಕಡಿಮೆ ಇಂಧನ ಸಾಕು. ಕೊಂಕಣ ರೈಲ್ವೆ 1999ರಿಂದ ಲಾರಿಗಳನ್ನೇ ರೈಲಿನ ಮೇಲೆ ಹೇರಿಕೊಂಡು ಓಡುತ್ತಿದೆ. ಡೀಸೆಲ್ಲೂ ಟೈರೂ ಉಳಿಯುತ್ತವೆ, ಚಾಲಕನಿಗೆ ನಿದ್ದೆಯೂ ಸಿಗುತ್ತದೆ.

ಆದರೆ ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಇಲ್ಲ. 1990ರ ದಶಕದ ಕೊನೆಗೆ ಮಂಜೂರಾದ ಮಾರ್ಗ ಅದು. ಸುಮಾರು 164 ಕಿಲೋಮೀಟರ್. ಸುಮಾರು 600 ಹೆಕ್ಟೇರ್ ಕಾಡು ಬೇಕು, ಅದೂ ಪಶ್ಚಿಮ ಘಟ್ಟದ ಗಟ್ಟಿ ಕಾಡು. ಅರಣ್ಯ ಅನುಮತಿ, ಕೋರ್ಟು ಎಂದು ನಿಂತುಕೊಂಡಿದೆ. ನಮ್ಮ ಜಿಲ್ಲೆಯಲ್ಲಿ ಇದರ ಬಗ್ಗೆ ಮನೆಯೊಳಗೇ ಎರಡು ಪಕ್ಷ. ನನ್ನ ಮಟ್ಟಿಗೆ, ಅದಿರಿಗಾಗಿ ಆ ಕಾಡು ಕಡಿಯುವುದನ್ನು ಒಪ್ಪಲಾರೆ. ಹಾಗೆಯೇ, ರೈಲು ಇಲ್ಲದ್ದರಿಂದ ಅದಿರು ರಸ್ತೆಗೆ ಬಂತು ಎನ್ನುವ ಮಾತನ್ನೂ ಪೂರ್ತಿ ಒಪ್ಪಲಾರೆ. ಬೇರೆ ಬಂದರುಗಳಿಗೆ ರೈಲು ಇತ್ತು. ರೈಲಿನಲ್ಲಿ ಹೇರಿದರೆ ವ್ಯಾಗನ್ ಲೆಕ್ಕ, ತೂಕ, ರಶೀದಿ ಎಲ್ಲ ಒಂದು ಕಡೆ ದಾಖಲಾಗುತ್ತದೆ. ಸಾವಿರ ಲಾರಿ ಸಾವಿರ ಸಾಗಣೆ ಪರವಾನಗಿ ಚೀಟಿ ಹಿಡಿದು ರಾತ್ರಿ ಹೊರಟರೆ ಯಾವುದರ ಚೀಟಿ ನಿಜ ಎಂದು ಯಾರು ನೋಡಬೇಕು?

ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಕೊಟ್ಟ ವರದಿ ಇದನ್ನೇ ಬಿಚ್ಚಿಟ್ಟಿತು. ಅರಣ್ಯ ಅಧಿಕಾರಿ ಯು.ವಿ. ಸಿಂಗ್ ಅವರ ತಂಡ ಲೆಕ್ಕ ಹಾಕಿದಂತೆ, 2006ರಿಂದ 2010ರವರೆಗೆ ರಾಜ್ಯದಿಂದ ಸುಮಾರು 3 ಕೋಟಿ ಟನ್ ಅದಿರು ಅಕ್ರಮವಾಗಿ ಹೊರಗೆ ಹೋಗಿತ್ತು. ಓವರ್‌ಲೋಡ್ ಕೂಡ ಆ ವರದಿಯ ಒಂದು ವಿಷಯ. ಚೀಟಿಯಲ್ಲಿ 16 ಟನ್, ಗಾಡಿಯಲ್ಲಿ 24 ಇದ್ದರೆ, ನಡುವಿನ 8 ಟನ್ನಿಗೆ ರಾಯಧನವೂ ಇಲ್ಲ. ನಮ್ಮ ರಸ್ತೆಯ ಹೊಂಡಕ್ಕೂ ಸರ್ಕಾರದ ಖಜಾನೆಯ ತೂತಿಗೂ ಕಾರಣ ಅದೇ 8 ಟನ್.

2010ರ ಮಾರ್ಚ್‌ನಲ್ಲಿ ಕಾರವಾರದ ಅರಣ್ಯ ಅಧಿಕಾರಿ ಆರ್. ಗೋಕುಲ್ ಬೇಲೇಕೇರಿಯಲ್ಲಿ ಸುಮಾರು 5 ಲಕ್ಷ ಟನ್ ಅದಿರು ಜಪ್ತಿ ಮಾಡಿದರು. 16 ಟನ್ನಿನ ಲೋಡಿನಂತೆ ಅದು 31,250 ಲಾರಿ. ಹೊಗೆಯ ಲೆಕ್ಕದಲ್ಲಿ ಇಂಗಾಲದ ಡೈ ಆಕ್ಸೈಡೇ 11,000 ಟನ್ನಿಗೂ ಜಾಸ್ತಿ. ಆಮೇಲೆ ಆ ಜಪ್ತಿ ಮಾಡಿದ ಅದಿರಿನಲ್ಲೇ ಬಹಳಷ್ಟು ಹಡಗು ಹತ್ತಿ ಹೋಗಿತ್ತು. ಗೋಕುಲ್ ಅಮಾನತಿಗೆ ಒಳಗಾದಾಗ ಹೆಗ್ಡೆ ಅವರು 2010ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು, ಮುಂದೆ ಹಿಂತೆಗೆದುಕೊಂಡರು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಈ ಪ್ರಕರಣಗಳಲ್ಲಿ ಶಿಕ್ಷೆ ವಿಧಿಸಿತು. ಮರು ತಿಂಗಳು ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.

ಲಾರಿ ನಿಂತ ಮೇಲೆ

2010ರ ಜುಲೈ ಕೊನೆಗೆ ರಾಜ್ಯ ಸರ್ಕಾರ ತನ್ನ ಬಂದರುಗಳಿಂದ ಅದಿರು ರಫ್ತು ನಿಲ್ಲಿಸಿತು. ಮರುವರ್ಷ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ತಡೆಯಿತು. ನಮ್ಮ ರಸ್ತೆ ಒಮ್ಮೆಲೇ ಸುಮ್ಮನಾಯಿತು. ರಾತ್ರಿ ಮತ್ತೆ ಕಪ್ಪೆ ಕೂಗುವುದು ಕೇಳಿಸಿತು ಎಂದರೆ ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ.

ನಾನು ಖುಷಿಪಟ್ಟೆ. ಮಾವ ಖುಷಿಪಡಲಿಲ್ಲ. ತಗಡಿನ ಅಂಗಡಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಕೂತರೂ ನಾಲ್ಕು ಸೈಕಲ್ ಬರುತ್ತಿತ್ತು. ಅವರಿಗಿಂತ ಕಷ್ಟವಾದದ್ದು ಲಾರಿ ಕೊಂಡವರಿಗೆ. ಗಾಡಿ ನಿಂತರೂ ಕಂತು ನಿಲ್ಲುವುದಿಲ್ಲ. ಹೊಸಪೇಟೆಯಿಂದ ಅಂಕೋಲೆವರೆಗೂ ಸಾಲು ಸಾಲು ಲಾರಿ ಒಟ್ಟಿಗೇ ಮಾರಾಟಕ್ಕೆ ಬಂದರೆ ಕೊಳ್ಳುವವರು ಯಾರು? ಫೈನಾನ್ಸಿನವರು ಗಾಡಿ ಎಳೆದುಕೊಂಡು ಹೋದರು. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಗಾಡಿಯೂ ಹೋಯಿತು, ಅಡವಿಟ್ಟ ಗದ್ದೆಯೂ ಹೋಯಿತು. ಆ ಮನೆಯ ಮಗ ಈಗ ಗೋವಾದಲ್ಲಿ ಬೇರೆಯವರ ಗಾಡಿ ಓಡಿಸುತ್ತಾನೆ. ಅದಿರಿನ ಮೇಲೆ ಕೋಟಿ ಮಾಡಿದವರು ಯಾರೂ ಹಾಗೆ ಗದ್ದೆ ಕಳೆದುಕೊಂಡದ್ದು ನನಗೆ ಗೊತ್ತಿಲ್ಲ.

ಲೆಕ್ಕದವನಾಗಿ ನನಗೆ ಕಾಣುವುದು ಇಷ್ಟು. ಟನ್ನಿನ ಬಾಡಿಗೆಯಲ್ಲಿ ಡೀಸೆಲ್, ಟೈರ್, ಚಾಲಕನ ಬತ್ತೆ, ಕಂತು ಸೇರಿತ್ತು. ರಸ್ತೆಯ ಸವೆತ ಸೇರಿರಲಿಲ್ಲ, ಅದನ್ನು ತೆರಿಗೆಯಿಂದ ಕಟ್ಟಿದೆವು. ಧೂಳು ಸೇರಿರಲಿಲ್ಲ, ಅದನ್ನು ಅಮ್ಮ ತೊಳೆದಳು. ಜೀಪು ತಡವಾದದ್ದು ಸೇರಿರಲಿಲ್ಲ. ವ್ಯವಹಾರ ಒಮ್ಮೆಲೇ ನಿಂತರೆ ಸಾಲದ ಗತಿ ಏನು ಎಂಬುದೂ ಸೇರಿರಲಿಲ್ಲ. ಇವೆಲ್ಲ ಸೇರಿದ್ದರೆ ಆ ಅದಿರು ಅಷ್ಟು ದೂರ, ಅಷ್ಟು ಪ್ರಮಾಣದಲ್ಲಿ ರಸ್ತೆಯ ಮೇಲೆ ಹೊರಡುತ್ತಲೇ ಇರಲಿಲ್ಲ.

ಅದಿರು ನಿಂತರೂ ರಸ್ತೆ ಶಾಂತವಾಗಿ ಉಳಿಯಲಿಲ್ಲ. 2025ರ ಜನವರಿ 22ರ ಬೆಳಗಿನ ಜಾವ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಹತ್ತಿರ, ಸವಣೂರಿನಿಂದ ಕುಮಟೆಯ ಸಂತೆಗೆ ಹೊರಟ ಹಣ್ಣು ತರಕಾರಿ ವ್ಯಾಪಾರಿಗಳ ಲಾರಿ ಕಣಿವೆಗೆ ಉರುಳಿ 10 ಮಂದಿ ತೀರಿಕೊಂಡರು. ಸರಕಿನ ಲಾರಿಯ ಮೇಲೆ, ಮೂಟೆಗಳ ನಡುವೆ ಕೂತು ಬರುತ್ತಿದ್ದವರು. ಸರಕಿಗೊಂದು, ತಮಗೊಂದು ಎಂದು ಎರಡು ಬಾಡಿಗೆ ಕೊಡುವಷ್ಟು ಲಾಭ ಸೊಪ್ಪು ತರಕಾರಿಯಲ್ಲಿ ಇಲ್ಲ. ಕುಮಟೆಯವರು, ಅಂಕೋಲೆಯವರು ನಾವು ಅಗ್ಗಕ್ಕೆ ಸಿಕ್ಕಿತು ಎಂದು ತರುವ ಬದನೆ, ಸೌತೆಯ ಬೆಲೆಯಲ್ಲೂ ಒಂದು ಲೆಕ್ಕ ಬಿಟ್ಟುಹೋಗಿದೆ. ಇದನ್ನು ಬರೆಯುವಾಗ ನನ್ನ ಕೈ ತಡೆಯುತ್ತದೆ.

ಈಗ ಅಂಕೋಲೆಯ ಕೇಣಿಯಲ್ಲಿ ಹೊಸ ಬಂದರಿನ ಮಾತು ನಡೆದಿದೆ. ವರ್ಷಕ್ಕೆ 3 ಕೋಟಿ ಟನ್ ಸಾಮರ್ಥ್ಯ ಎಂದು ಪ್ರಕಟಿಸಿದ್ದಾರೆ. ಮೀನುಗಾರರು ವಿರೋಧಿಸಿದ್ದಾರೆ. ಅವರ ದಂಡೆಯ ಪ್ರಶ್ನೆ ದೊಡ್ಡದು, ಅದನ್ನು ಅವರೇ ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ರಸ್ತೆಯ ಲೆಕ್ಕ ಮಾತ್ರ ಹೇಳುತ್ತೇನೆ. ಸರಕೆಲ್ಲ ರೈಲಿನಲ್ಲೇ ಹೋಗುತ್ತದೆ ಎಂದು ಹೇಳಿದರೂ, ಹತ್ತರಲ್ಲಿ ಒಂದು ಪಾಲು ಲಾರಿಗೆ ಬಂತು ಎಂದುಕೊಳ್ಳಿ. 30 ಲಕ್ಷ ಟನ್. ಹಳೆಯ 16 ಟನ್ನಿನ ಲೋಡಿನಂತೆಯೇ ಹಿಡಿದರೆ ವರ್ಷಕ್ಕೆ 1,87,500 ಲಾರಿ. ದಿನಕ್ಕೆ 513. ಹೋಗುವುದು, ಬರುವುದು ಎರಡೂ ಸೇರಿದರೆ ಸಾವಿರ ದಾಟುತ್ತದೆ. ಹಗಲೂ ರಾತ್ರಿ, ಒಂದೂವರೆ ನಿಮಿಷದೊಳಗೆ ಒಂದು ಲಾರಿ ಬಾಳೆಗುಳಿ ಕ್ರಾಸು ದಾಟಬೇಕು.

ತೂಕದ ಕಾಂಟಾ ಎಲ್ಲಿ ಇಡುತ್ತೀರಿ, ಹೆಚ್ಚುವರಿ ಟನ್ ಯಾರು ಇಳಿಸುತ್ತಾರೆ, ರಸ್ತೆ ಸವೆದರೆ ರಿಪೇರಿಯ ದುಡ್ಡು ಬಂದರಿನ ಖಾತೆಯಿಂದಲೋ ನಮ್ಮ ತೆರಿಗೆಯಿಂದಲೋ? ಈ ಮೂರು ಪ್ರಶ್ನೆ ಬರೆದ ಕಾಗದ ನನ್ನ ಮೇಜಿನ ಮೇಲಿದೆ. ಮಾವ ಓದಿ, ಕೆಳಗೆ ನಾಲ್ಕನೆಯದನ್ನು ತಮ್ಮ ಕೈಯಾರೆ ಸೇರಿಸಿದ್ದಾರೆ: "ಲಾರಿಗೆ ಸಾಲ ಕೊಡುವ ಮುಂಚೆ, ಕೆಲಸ ಎಷ್ಟು ವರ್ಷದ್ದು ಅಂತ ಬರೆದು ಕೊಡ್ತೀರಾ?"